ಬರೀ ಬಿ.ಎಸ್ಸಿ. ಅಲ್ಲ



ಕಾಲೇಜುಗಳು ಆರಂಭವಾಗುವ ದಿನಗಳಲ್ಲಿ ಹುಣಸೂರಿನಿಂದ ಮೈಸೂರಿಗೆ ಹೊರಡುವ ಬೆಳಗಿನ ಬಸ್ಸಿನಲ್ಲಿ ಕುಳಿತರೆ ಒಂದು ಸಂಭಾಷಣೆ ತಪ್ಪದೆ ಕಿವಿಗೆ ಬೀಳುತ್ತದೆ. ಊರಿನ ಹಿರಿಯರೊಬ್ಬರು ಪಕ್ಕದಲ್ಲಿರುವ ಹುಡುಗಿಯನ್ನು ಕೇಳುತ್ತಾರೆ: “ಏನಮ್ಮಾ, ಏನು ಓದ್ತಾ ಇದ್ದೀಯ?” ಉತ್ತರ ಬರುತ್ತದೆ: “ಡಾಕ್ಟರ್ ಓದಬೇಕು ಅಂತ ಪರೀಕ್ಷೆ ಬರೆದಿದ್ದೆ, ಸೀಟು ಸಿಗಲಿಲ್ಲ. ಬರೀ ಬಿ.ಎಸ್ಸಿ.” ಹಿರಿಯರು “ಓಹೋ, ಹಾಗೋ” ಎಂದು ಕಿಟಕಿಯ ಕಡೆ ತಿರುಗಿಬಿಡುತ್ತಾರೆ. ಮಾತು ಅಲ್ಲಿಗೇ ಮುಗಿಯುತ್ತದೆ.

ಈ “ಬರೀ” ಎನ್ನುವ ಎರಡಕ್ಷರದ ಮೇಲೆ ನನಗೆ ಬಹಳ ದಿನಗಳಿಂದ ಸಿಟ್ಟಿದೆ. ಇವತ್ತಿನ ಭಾಷಣ ಅದನ್ನು ಕುರಿತದ್ದೇ. ಜೀವಶಾಸ್ತ್ರವನ್ನೋ ಪರಿಸರ ವಿಜ್ಞಾನವನ್ನೋ ವಿಶ್ವವಿದ್ಯಾನಿಲಯದಲ್ಲಿ ಓದುವುದು ವೈದ್ಯಕೀಯ ಸೀಟು ತಪ್ಪಿದವರಿಗೆ ಸಿಗುವ ಸಮಾಧಾನದ ಬಹುಮಾನವಲ್ಲ. ಅದು ತನ್ನಷ್ಟಕ್ಕೇ ಒಂದು ದೊಡ್ಡ ವಿದ್ಯೆ. ಅದರಲ್ಲೂ ಮೈಸೂರು ಜಿಲ್ಲೆಯ ಪಶ್ಚಿಮ ಭಾಗದಲ್ಲಿರುವ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಯ ಮಕ್ಕಳಿಗೆ ಆ ವಿದ್ಯೆಯ ಅರ್ಧದಷ್ಟು ಪಾಠ ಮನೆಯಂಗಳದಲ್ಲೇ ಸಿಕ್ಕಿರುತ್ತದೆ. ಇತ್ತೀಚಿನ ವರ್ಷಗಳಲ್ಲಿ ಬೇರೆ ತಾಲ್ಲೂಕುಗಳಾಗಿರುವ ಸರಗೂರು, ಸಾಲಿಗ್ರಾಮಗಳನ್ನೂ ಇವುಗಳ ಜೊತೆ ಸೇರಿಸಿಕೊಂಡೇ ಮಾತನಾಡುತ್ತೇನೆ.

ಈ ನಾಡಿನ ನಕ್ಷೆಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ಪಶ್ಚಿಮದಲ್ಲಿ ಕೊಡಗಿಗೆ ಒತ್ತಿಕೊಂಡಂತೆ ನಾಗರಹೊಳೆಯ ಕಾಡು. ಅಲ್ಲಿಂದ ಪೂರ್ವಕ್ಕೆ ಬಂದರೆ ಹೊಗೆಸೊಪ್ಪು, ರಾಗಿ, ಮುಸುಕಿನ ಜೋಳ ಬೆಳೆಯುವ ಕೆಂಪುಮಣ್ಣಿನ ಬೆದ್ದಲು. ಇನ್ನೂ ಮುಂದೆ ಕೃಷ್ಣರಾಜನಗರದ ಕಡೆಗೆ ಕಾವೇರಿಯ ನಾಲೆಗಳ ಕೆಳಗಿನ ಭತ್ತದ ಗದ್ದೆ. ಕಾವೇರಿ, ಲಕ್ಷ್ಮಣತೀರ್ಥ, ಕಪಿಲೆ ಎಂದು ಮೂರು ನದಿಗಳು. ಕಾಡು, ಬೆದ್ದಲು, ಗದ್ದೆ, ಹೊಳೆ, ಜಲಾಶಯ ಎಲ್ಲವನ್ನೂ ಒಂದೇ ದಿನದ ಬಸ್ ಪ್ರಯಾಣದಲ್ಲಿ ನೋಡಬಹುದು. ಇಂಥ ಪ್ರಯೋಗಶಾಲೆಯನ್ನು ಯಾವ ವಿಶ್ವವಿದ್ಯಾನಿಲಯವೂ ಹಣ ಕೊಟ್ಟು ಕಟ್ಟಲಾರದು.

ನನ್ನ ಮನೆಯಿಂದಲೇ ಆರಂಭಿಸುತ್ತೇನೆ. ನಾನು ಹುಣಸೂರು ಕಡೆಯ ಹೊಗೆಸೊಪ್ಪಿನ ಬೆಳೆಗಾರರ ಮಗ. ನನ್ನ ಕಾಲೇಜಿನ ಶುಲ್ಕ, ಹಾಸ್ಟೆಲಿನ ಖರ್ಚು, ಮೊದಲ ಜೊತೆ ಬೂಟು, ಎಲ್ಲವೂ ಹರಾಜು ಕಟ್ಟೆಯಲ್ಲಿ ಮಾರಿದ ಸೊಪ್ಪಿನಿಂದಲೇ ಬಂದದ್ದು. ಸುಗ್ಗಿಯ ದಿನಗಳಲ್ಲಿ ರಾತ್ರಿಯೆಲ್ಲ ಬ್ಯಾರನ್ ಮುಂದೆ ಅಪ್ಪನ ಜೊತೆ ಕುಳಿತು ಸೌದೆ ತಳ್ಳುವುದು ನನ್ನ ಕೆಲಸವಾಗಿತ್ತು. ನಿದ್ದೆಗಣ್ಣಿನಲ್ಲಿ ನಾನು ಒಂದು ದಿಮ್ಮಿ ಹೆಚ್ಚು ಹಾಕಲು ಹೋದರೆ ಅಪ್ಪ ತಡೆಯುತ್ತಿದ್ದರು: “ಎಲೆ ಇನ್ನೂ ಹಣ್ಣಾಗಿಲ್ಲ ಕಣೋ, ಈಗಲೇ ಉರಿ ಏರಿಸಬೇಡ.”

ಕಿತ್ತು ಕಟ್ಟಿ ನೇತುಹಾಕಿದ ಎಲೆ ಇನ್ನು ಹಣ್ಣಾಗುವುದೆಂದರೇನು? ನಾನು ಆಗ ಕೇಳಲಿಲ್ಲ. ಕಾಲೇಜಿನಲ್ಲಿ ಎಲೆಯ ಅಡ್ಡಸೀಳಿಕೆಯ ಚಿತ್ರ ಬರೆಸಿದರು, ಕಿಣ್ವಗಳ ಪಾಠ ಮಾಡಿದರು. ಬ್ಯಾರನ್ ಸುದ್ದಿ ಅಲ್ಲಿ ಯಾರೂ ಎತ್ತಲಿಲ್ಲ. ಎರಡೂ ಒಂದೇ ಸಂಗತಿ ಎಂದು ಹೊಳೆಯಲು ನನಗೆ ಸ್ನಾತಕೋತ್ತರ ತರಗತಿಯವರೆಗೆ ಬೇಕಾಯಿತು.

ಬ್ಯಾರನ್ನಿಗೆ ಏರಿಸಿದ ಎಲೆ ಸತ್ತಿರುವುದಿಲ್ಲ. ಮೊದಲ ಒಂದೆರಡು ದಿನ ಸುಮಾರು 35ರಿಂದ 40 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ತೇವವಿರುವ ಗಾಳಿಯಲ್ಲಿ ಅದು ಉಸಿರಾಡುತ್ತಲೇ ಇರುತ್ತದೆ. ಅದರೊಳಗಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಬಾಳೆಕಾಯಿ ಹಣ್ಣಾಗುವಾಗಲೂ ನಡೆಯುವುದು ಇದೇ. ಹಸಿರು ಬಣ್ಣದ ಪತ್ರಹರಿತ್ತು ಕರಗಿ, ಅದರ ಹಿಂದೆ ಅಡಗಿದ್ದ ಹಳದಿ ವರ್ಣಕಗಳು ಕಾಣಿಸಿಕೊಳ್ಳುತ್ತವೆ. ಆಮೇಲೆ ಶಾಖವನ್ನು ಹಂತಹಂತವಾಗಿ ಏರಿಸಿ ಎಲೆಯನ್ನೂ, ಕೊನೆಗೆ 70 ಡಿಗ್ರಿಯ ಆಸುಪಾಸಿನಲ್ಲಿ ನಡುನರವನ್ನೂ ಒಣಗಿಸುತ್ತಾರೆ. ಆಗ ಕಿಣ್ವಗಳ ಕೆಲಸ ನಿಂತು ಬಣ್ಣ ಹಾಗೆಯೇ ಉಳಿಯುತ್ತದೆ. ಉರಿ ಬೇಗ ಏರಿದರೆ ಹಸಿರು ಉಳಿದುಬಿಡುತ್ತದೆ; ತಡವಾದರೆ ಎಲೆ ಕಂದಾಗುತ್ತದೆ. ಎರಡರಲ್ಲೂ ಬೆಲೆ ಬೀಳುತ್ತದೆ. ನಮ್ಮಪ್ಪ ಹೆಬ್ಬೆಟ್ಟಿನವರು, ಆದರೆ ಕಿಣ್ವಗಳನ್ನು ಯಾವಾಗ ದುಡಿಸಬೇಕು, ಯಾವಾಗ ನಿಲ್ಲಿಸಬೇಕು ಎಂಬುದು ಅವರಿಗೆ ಗೊತ್ತಿತ್ತು. ಅವರಿಗೆ ಗೊತ್ತಿಲ್ಲದ್ದು ‘ಕಿಣ್ವ’ ಎಂಬ ಶಬ್ದ ಮಾತ್ರ.

ಇನ್ನೂ ಒಂದು ನೆನಪು. ಬೆಳಗಿನ ಇಬ್ಬನಿಯಲ್ಲಿ ಸೊಪ್ಪು ಮುರಿಯಲು ಹೋದ ಮಕ್ಕಳಿಗೆ ಒಮ್ಮೊಮ್ಮೆ ತಲೆಸುತ್ತಿ ವಾಂತಿಯಾಗುತ್ತಿತ್ತು. ನಮ್ಮಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತಿದ್ದರು. ಅದು ದೃಷ್ಟಿಯಲ್ಲ. ಎಲೆಯ ಮೇಲಿನ ನೀರಿನಲ್ಲಿ ಕರಗಿದ ನಿಕೋಟಿನ್ ಚರ್ಮದ ಮೂಲಕ ಮೈಸೇರಿ ಆಗುವ ವಿಷಬಾಧೆ. ನಿಕೋಟಿನ್ ತಯಾರಾಗುವುದು ಗಿಡದ ಬೇರಿನಲ್ಲಿ; ಅಲ್ಲಿಂದ ಅದು ಎಲೆಗೆ ಏರುತ್ತದೆ. ಹೂವಿನ ಕುಡಿ ಮುರಿದರೆ ಎಲೆಯಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಇಷ್ಟು ತಿಳಿದವರು ಮಕ್ಕಳನ್ನು ಒದ್ದೆ ಸೊಪ್ಪಿನ ಹೊಲಕ್ಕೆ ಕಳಿಸುವುದಿಲ್ಲ, ತಾವೂ ತೋಳು ಮುಚ್ಚುವ ಬಟ್ಟೆಯಿಲ್ಲದೆ ಇಳಿಯುವುದಿಲ್ಲ. ವಿದ್ಯೆಯ ಪ್ರಯೋಜನ ಎಂದರೆ ಇದು.

ಇಲ್ಲಿಯೇ ಒಂದು ಕಷ್ಟದ ಪ್ರಶ್ನೆಯೂ ಏಳುತ್ತದೆ. ಮನೆಯನ್ನು ಸಾಕುವ ಬೆಳೆ, ಸೇದುವವರ ಆಯುಷ್ಯವನ್ನು ಕಡಿಮೆ ಮಾಡುತ್ತದೆ. ಅದನ್ನು ಹದ ಮಾಡಲು ಗಾಡಿಗಟ್ಟಲೆ ಸೌದೆ ಉರಿಯಬೇಕು. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಭಾರತ 2004ರಲ್ಲಿ ಅನುಮೋದಿಸಿತು. ಹಾಗಾದರೆ ಬೆಳೆಗಾರರು ಏನು ಬೆಳೆಯಬೇಕು? ಕಡಿಮೆ ಮಳೆಯ ಹಗುರ ಮಣ್ಣಿನಲ್ಲಿ ಅಷ್ಟೇ ಆದಾಯ ಕೊಡುವ ಬೆಳೆ ಯಾವುದು? ಒಂದು ಕೆ.ಜಿ. ಹದವಾದ ಸೊಪ್ಪಿಗೆ ನಿಮ್ಮ ಬ್ಯಾರನ್ ಎಷ್ಟು ಕೆ.ಜಿ. ಸೌದೆ ತಿನ್ನುತ್ತದೆ? ಈ ಪ್ರಶ್ನೆಗಳಿಗೆ ದೆಹಲಿಯಲ್ಲಿ ಕುಳಿತವರು ಉತ್ತರ ಕೊಡುವುದಕ್ಕಿಂತ, ಆ ಸೊಪ್ಪಿನಿಂದ ಓದಿದ ಮಕ್ಕಳು ಉತ್ತರ ಹುಡುಕುವುದು ನ್ಯಾಯ. ತಕ್ಕಡಿಯೊಂದಿದ್ದರೆ ಕೊನೆಯ ಪ್ರಶ್ನೆಗೆ ನೀವು ಈ ಸುಗ್ಗಿಯಲ್ಲೇ ಉತ್ತರ ಪಡೆಯಬಹುದು.

ಬ್ಯಾರನ್ ಬಿಟ್ಟು ಈಗ ಕಾಡಿನ ಅಂಚಿಗೆ ಹೋಗೋಣ. ಹೆಗ್ಗಡದೇವನಕೋಟೆಯ ಕಾಕನಕೋಟೆ ಆನೆ ಹಿಡಿಯುವ ಖೆಡ್ಡಾಗಳಿಗೆ ಹೆಸರಾದ ಸ್ಥಳ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. 1974ರಲ್ಲಿ ಕಬಿನಿ ಅಣೆಕಟ್ಟು ಪೂರ್ಣಗೊಂಡು ಹಳೆಯ ಕಾಡು, ಹಳ್ಳಿ, ಹಾಡಿಗಳ ಭಾಗ ನೀರಿನಲ್ಲಿ ಮುಳುಗಿತು. ಆಮೇಲೆ ನಡೆದದ್ದು ನೋಡಿ. ಬೇಸಿಗೆಯಲ್ಲಿ ಜಲಾಶಯದ ನೀರು ಹಿಂದೆ ಸರಿದಾಗ, ತೇವ ಉಳಿದ ಆ ಬಯಲಿನಲ್ಲಿ ಎಳೆ ಹುಲ್ಲು ಹುಟ್ಟುತ್ತದೆ. ಸುತ್ತಲಿನ ಕಾಡು ಒಣಗಿ ನಿಂತಾಗ ಇಲ್ಲಿ ಹಸಿರು, ನೀರು ಎರಡೂ ಇರುತ್ತವೆ. ಹೀಗಾಗಿ ನೂರಾರು ಆನೆಗಳು ಒಂದೇ ಕಡೆ ಸೇರುತ್ತವೆ. ಕಾಡನ್ನು ಮುಳುಗಿಸಿದ ಕಟ್ಟೆಯೇ ಆನೆಗಳಿಗೆ ಬೇಸಿಗೆಯ ಹುಲ್ಲುಗಾವಲನ್ನು ಒದಗಿಸಿತು. ಒಳ್ಳೆಯದಾಯಿತೋ ಕೆಟ್ಟದಾಯಿತೋ ಎಂದು ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. ಪರಿಸರ ವಿಜ್ಞಾನ ಕಲಿಸುವ ಮೊದಲ ಪಾಠವೇ ಅದು: ಒಂದು ಕಡೆ ಎಳೆದ ದಾರ ಇನ್ನೆಲ್ಲೋ ಗಂಟಾಗುತ್ತದೆ.

“ನನಗೆ ಲೆಕ್ಕ ಬರುವುದಿಲ್ಲ, ಅದಕ್ಕೇ ಜೀವಶಾಸ್ತ್ರ ತೆಗೆದುಕೊಂಡೆ” ಎನ್ನುವ ವಿದ್ಯಾರ್ಥಿಗಳು ಬಹಳ. ಅವರಿಗೆ ನಾಗರಹೊಳೆಯ ಹುಲಿಯ ಲೆಕ್ಕ ಹೇಳಬೇಕು. ಹಿಂದೆ ಹುಲಿಯನ್ನು ಹೆಜ್ಜೆ ಗುರುತಿನಿಂದ ಎಣಿಸುತ್ತಿದ್ದರು. ಒಂದೇ ಹುಲಿಯ ಹೆಜ್ಜೆ ಕೆಸರಿನಲ್ಲಿ ಒಂದು ಥರ, ಧೂಳಿನಲ್ಲಿ ಇನ್ನೊಂದು ಥರ ಬೀಳುತ್ತದೆ. ಹೀಗಾಗಿ ಎಣಿಕೆ ನೆಚ್ಚುವಂತಿರಲಿಲ್ಲ. ಡಾ. ಉಲ್ಲಾಸ ಕಾರಂತರು ಬೇರೆ ದಾರಿ ಹಿಡಿದರು. ಅವರು ಮೊದಲು ಓದಿದ್ದು ಎಂಜಿನಿಯರಿಂಗ್. ಆಮೇಲೆ ವನ್ಯಜೀವಿ ವಿಜ್ಞಾನವನ್ನು ಅಮೆರಿಕದ ಫ್ಲಾರಿಡಾದಲ್ಲಿ ಓದಿ, ಮಂಗಳೂರು ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದರು. 1990ರ ದಶಕದಲ್ಲಿ ನಾಗರಹೊಳೆಯ ಕಾಡುದಾರಿಗಳಲ್ಲಿ ತಾವಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ಇಟ್ಟು, ಪಟ್ಟೆಗಳ ವಿನ್ಯಾಸದಿಂದ ಒಂದೊಂದು ಹುಲಿಯನ್ನೂ ಗುರುತಿಸಿದರು. ನಮ್ಮ ಬೆರಳಚ್ಚಿನ ಹಾಗೆ, ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿರುವುದಿಲ್ಲ.

ಕ್ಯಾಮೆರಾಕ್ಕೆ ಸಿಗದ ಹುಲಿಗಳನ್ನು ಎಣಿಸುವುದು ಹೇಗೆ? ಊರಿನ ಕೆರೆಯ ಮೀನಿನಿಂದ ಅರ್ಥ ಮಾಡಿಕೊಳ್ಳಿ. ಬಲೆ ಬೀಸಿ 50 ಮೀನು ಹಿಡಿದು, ಗುರುತು ಹಾಕಿ, ಮತ್ತೆ ಕೆರೆಗೆ ಬಿಡಿ. ಅವು ಉಳಿದವುಗಳ ಜೊತೆ ಬೆರೆಯಲು ಕೆಲವು ದಿನ ಬಿಟ್ಟು ಇನ್ನೊಮ್ಮೆ ಬಲೆ ಬೀಸಿ. ಈ ಸಲ 40 ಮೀನು ಸಿಕ್ಕಿ, ಅವುಗಳಲ್ಲಿ 10ಕ್ಕೆ ಗುರುತಿದ್ದರೆ, ನಾಲ್ಕರಲ್ಲೊಂದು ಗುರುತಿನ ಮೀನು ಎಂದಾಯಿತು. ನೀವು ಗುರುತು ಹಾಕಿದ್ದು 50. ಹಾಗಾದರೆ ಕೆರೆಯಲ್ಲಿರುವುದು ಸುಮಾರು 200. ಕೆರೆಯ ನೀರು ಖಾಲಿ ಮಾಡದೆ ಮೀನು ಎಣಿಸಿದಿರಿ! ಹುಲಿಗೆ ಗುರುತನ್ನು ನಿಸರ್ಗವೇ ಹಾಕಿದೆ. ಮುಂದಿನ ಲೆಕ್ಕ ಇದಕ್ಕಿಂತ ಬಿಗಿಯಾದದ್ದು, ಆದರೆ ಬೀಜ ಇಷ್ಟೇ. 2006ರಿಂದ ದೇಶದ ಹುಲಿ ಗಣತಿಯೂ ಹೆಜ್ಜೆ ಗುರುತನ್ನು ಬಿಟ್ಟು ಕ್ಯಾಮೆರಾ ಮತ್ತು ಸಂಖ್ಯಾಶಾಸ್ತ್ರವನ್ನು ನೆಚ್ಚಿಕೊಂಡಿತು. 2022ರ ಗಣತಿಯಲ್ಲಿ ಕರ್ನಾಟಕದ ಅಂದಾಜು 563 ಹುಲಿಗಳು. ಮಧ್ಯಪ್ರದೇಶದ ನಂತರದ ಸ್ಥಾನ ನಮ್ಮದು. ಆದ್ದರಿಂದ ಗಣಿತ ಬಿಟ್ಟು ಓಡಿಬಂದವರನ್ನು ಗಣಿತ ಕಾಡಿನ ಬಾಗಿಲಲ್ಲೇ ಕಾದು ನಿಂತಿರುತ್ತದೆ ಎಂದು ಈಗಲೇ ತಿಳಿದಿರುವುದು ಒಳ್ಳೆಯದು.

ಸಂಖ್ಯೆ ಹೆಚ್ಚಿದ್ದು ಸಂತೋಷವೇ. ಆದರೆ ಕಾಡಂಚಿನ ಹಳ್ಳಿಯ ಮನೆಗಳಲ್ಲಿ ಈ ಸಂತೋಷ ಅಷ್ಟು ಸರಳವಲ್ಲ. ಆನೆ ಒಂದು ರಾತ್ರಿಯಲ್ಲಿ ಇಡೀ ವರ್ಷದ ರಾಗಿ ತಿಂದು ಹೋಗುತ್ತದೆ. ಹುಲಿಗೆ ದನ ಬಲಿಯಾಗುತ್ತದೆ. ಮನುಷ್ಯರೂ ಪ್ರಾಣ ಕಳೆದುಕೊಂಡಿದ್ದಾರೆ. ಕಂದಕ ತೋಡಿದರು, ಸೌರಬೇಲಿ ಹಾಕಿದರು, ರೈಲು ಕಂಬಿಯ ತಡೆಗೋಡೆ ನಿಲ್ಲಿಸಿದರು. ಯಾವುದು ಎಲ್ಲಿ ಫಲಿಸಿತು, ಎಲ್ಲಿ ಸೋತಿತು ಎಂದು ವರ್ಷಗಟ್ಟಲೆ ನೋಡಿ ಬರೆದಿಡುವವರು ಬೇಕು. ರಾತ್ರಿ ಅಟ್ಟಣೆಯ ಮೇಲೆ ಕುಳಿತು ಆನೆ ಓಡಿಸಿದ ಹುಡುಗ ಆ ಕೆಲಸಕ್ಕೆ ಬಂದರೆ, ಅವನು ಆನೆಯ ಪಕ್ಷವನ್ನೂ ಕೇಳಬಲ್ಲ, ಅಪ್ಪನ ಪಕ್ಷವನ್ನೂ ಕೇಳಬಲ್ಲ.

ಪರಿಸರವೆಂದರೆ ಕಾಡು ಮಾತ್ರ ಎಂದು ಭಾವಿಸಬಾರದು. ಬ್ರಹ್ಮಗಿರಿಯಲ್ಲಿ ಹುಟ್ಟುವ ಲಕ್ಷ್ಮಣತೀರ್ಥ ಹುಣಸೂರು ಪಟ್ಟಣವನ್ನು ದಾಟಿ ಕೃಷ್ಣರಾಜಸಾಗರ ಸೇರುತ್ತದೆ. ಊರು ದಾಟುವಾಗ ಊರಿನ ಕೊಳಚೆಯನ್ನೂ ಹೊತ್ತುಕೊಳ್ಳುತ್ತದೆ. “ಹೊಳೆ ಕೆಟ್ಟಿದೆ” ಎಂದು ಎಲ್ಲರೂ ಹೇಳುತ್ತಾರೆ. ಎಷ್ಟು ಕೆಟ್ಟಿದೆ ಎಂದು ಹೇಳಬಲ್ಲವರು ವಿಜ್ಞಾನ ಓದಿದವರು. ಪಟ್ಟಣಕ್ಕೆ ಮೇಲೆ ಒಂದು ಕಡೆ, ಕೆಳಗೆ ಒಂದು ಕಡೆ ನೀರಿನ ಮಾದರಿ ತೆಗೆದು, ಅದರಲ್ಲಿ ಕರಗಿರುವ ಆಮ್ಲಜನಕವನ್ನು ಅಳೆಯುತ್ತಾರೆ. ಮುಚ್ಚಿದ ಸೀಸೆಯಲ್ಲಿ ಐದು ದಿನ ಕತ್ತಲಲ್ಲಿಟ್ಟು ಮತ್ತೆ ಅಳೆಯುತ್ತಾರೆ. ಕೊಳೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ಎಷ್ಟು ಆಮ್ಲಜನಕ ಬಳಸಿದವು ಎಂಬುದೇ ಕೊಳೆಯ ಅಳತೆ. ಬಿ.ಎಸ್ಸಿ. ಪ್ರಯೋಗಾಲಯದಲ್ಲಿ ಮಾಡಬಹುದಾದ ಪರೀಕ್ಷೆ ಇದು. ಆದರೆ ಆ ಎರಡು ಅಂಕಿಗಳನ್ನು ಹಿಡಿದು ನಗರಸಭೆಯ ಮುಂದೆ ನಿಂತ ವಿದ್ಯಾರ್ಥಿಯ ಮಾತಿಗೂ, ಬರಿಗೈಯಲ್ಲಿ ದೂರುವವನ ಮಾತಿಗೂ ಇರುವ ತೂಕವೇ ಬೇರೆ.

ಕೃಷ್ಣರಾಜನಗರದ ಗದ್ದೆಗಳಿಗೆ ಬನ್ನಿ. ಮಳೆಗಾಲದ ರಾತ್ರಿ ವಟಗುಟ್ಟುವ ಕಪ್ಪೆಯನ್ನು ನಾವು ಲೆಕ್ಕಕ್ಕೇ ಇಡುವುದಿಲ್ಲ. ಒಂದು ಕಾಲದಲ್ಲಿ ಭಾರತ ಕಪ್ಪೆಯ ಕಾಲುಗಳನ್ನು ವಿದೇಶಗಳಿಗೆ ರಫ್ತು ಮಾಡುತ್ತಿತ್ತು. ಬೆಳೆಯ ಕೀಟಗಳನ್ನು ತಿನ್ನುವ ಕಪ್ಪೆಯನ್ನು ಮಾರಿ, ಕೀಟನಾಶಕವನ್ನು ಕೊಳ್ಳುವ ಈ ವ್ಯಾಪಾರ ಲಾಭದ್ದಲ್ಲ ಎಂದು ವಿಜ್ಞಾನಿಗಳು ಎಚ್ಚರಿಸಿದರು. 1987ರಲ್ಲಿ ರಫ್ತನ್ನು ನಿಷೇಧಿಸಲಾಯಿತು. ನಿಮ್ಮ ಗದ್ದೆಯಲ್ಲಿ ಈಗ ಎಷ್ಟು ಬಗೆಯ ಕಪ್ಪೆಗಳ ಕೂಗು ಕೇಳುತ್ತದೆ? ಅಜ್ಜಿಯನ್ನು ಕೇಳಿ, ಆಮೇಲೆ ನೀವೇ ಕೇಳಿಸಿಕೊಳ್ಳಿ.

ಪುಸ್ತಕ ಓದದ ಗುರುಗಳೂ ಈ ತಾಲ್ಲೂಕುಗಳಲ್ಲಿದ್ದಾರೆ. ಜೇನುಕುರುಬರ ಹಾಡಿಯ ಹಿರಿಯರನ್ನು ಮಾತಿಗೆಳೆದು ನೋಡಿ. ಎತ್ತರದ ಕೊಂಬೆಗೆ ಒಂದೇ ದೊಡ್ಡ ತಟ್ಟಿ ಕಟ್ಟುವ ಹೆಜ್ಜೇನು, ಪೊಟರೆಯೊಳಗೆ ಸಾಲುಸಾಲು ತಟ್ಟಿ ಕಟ್ಟುವ ತುಡುವೆ, ಪೊದೆಯಲ್ಲಿ ಸಣ್ಣ ತಟ್ಟಿ ಕಟ್ಟುವ ಕೋಲುಜೇನು, ಕುಟುಕದ ನಸರುಜೇನು ಎಂದು ಅವರು ಬಿಡಿಸಿ ಹೇಳುತ್ತಾರೆ. ಪ್ರಾಣಿಶಾಸ್ತ್ರದ ಪುಸ್ತಕ ಇವನ್ನೇ ಬೇರೆ ಬೇರೆ ಜಾತಿಗಳೆಂದು ಲ್ಯಾಟಿನ್ ಹೆಸರಿಟ್ಟು ವಿಂಗಡಿಸುತ್ತದೆ. ನಲವತ್ತು ವರ್ಷಕ್ಕೂ ಮಿಕ್ಕಿ ಬದುಕಿ, ಒಮ್ಮೆಲೇ ಹೂಬಿಟ್ಟು ಸಾಯುವ ಹೆಬ್ಬಿದಿರಿನ ವಿಚಾರವನ್ನು ಎರಡು ಸಲ ಕಣ್ಣಾರೆ ಕಂಡವರೂ ಅವರಲ್ಲಿ ಇರಬಹುದು. ಆದರೆ ಇದೇ ಜನರಲ್ಲಿ ಅನೇಕರು ಅಣೆಕಟ್ಟಿಗಾಗಿ, ಆಮೇಲೆ ರಾಷ್ಟ್ರೀಯ ಉದ್ಯಾನಕ್ಕಾಗಿ ತಮ್ಮ ನೆಲೆ ಬಿಟ್ಟು ಬಂದರು. ಹುಣಸೂರು ತಾಲ್ಲೂಕಿನ ನಾಗಾಪುರದಂಥ ಪುನರ್ವಸತಿ ಕೇಂದ್ರಗಳಲ್ಲಿ ಅವರನ್ನು ಕಾಣಬಹುದು. ಅವರ ಹಕ್ಕನ್ನು ಗುರುತಿಸುವ ಅರಣ್ಯ ಹಕ್ಕು ಕಾಯ್ದೆ ಬಂದದ್ದು 2006ರಲ್ಲಿ. ಕಾಡನ್ನು ಉಳಿಸುವ ವಿದ್ಯೆ, ಕಾಡಿನ ಜನರ ಬದುಕನ್ನು ಮರೆತರೆ ಅದು ಕುಂಟು ವಿದ್ಯೆ. ಪರಿಸರ ವಿಜ್ಞಾನದ ವಿದ್ಯಾರ್ಥಿ ಕಾನೂನನ್ನೂ ಇತಿಹಾಸವನ್ನೂ ಸ್ವಲ್ಪ ಓದಬೇಕೆಂದು ನಾನು ಹೇಳುವುದು ಇದಕ್ಕೇ.

ಊರಿನಲ್ಲೇ ಇಷ್ಟೆಲ್ಲ ಇದ್ದ ಮೇಲೆ ವಿಶ್ವವಿದ್ಯಾನಿಲಯ ಏಕೆ ಬೇಕು ಎಂದು ನೀವು ಕೇಳಬಹುದು. ಊರು ಪ್ರಶ್ನೆಗಳನ್ನು ಕೊಡುತ್ತದೆ. ಆ ಪ್ರಶ್ನೆಗಳನ್ನು ಅಳೆಯುವ, ಪರೀಕ್ಷಿಸುವ, ತಪ್ಪಾಗಿದ್ದರೆ ಒಪ್ಪಿಕೊಳ್ಳುವ ಕ್ರಮವನ್ನು ವಿಶ್ವವಿದ್ಯಾನಿಲಯ ಕಲಿಸುತ್ತದೆ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾನಿಲಯ ನಿಮ್ಮಿಂದ ಒಂದೆರಡು ಗಂಟೆಯ ದಾರಿ. ಕುವೆಂಪು ಅವರು ಕುಲಪತಿಗಳಾಗಿದ್ದಾಗ ಹೆಸರಿಟ್ಟ ಮಾನಸಗಂಗೋತ್ರಿಯಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಪರಿಸರ ವಿಜ್ಞಾನ, ಜೀವರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರಗಳ ಸ್ನಾತಕೋತ್ತರ ವಿಭಾಗಗಳಿವೆ. ಅಲ್ಲಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಪ್ರೊ. ಎಂ.ಆರ್. ರಾಜಶೇಖರಶೆಟ್ಟರು ನೆಲೆಗೊಳಿಸಿದ ಡ್ರೊಸೊಫಿಲ ಸಂಶೋಧನೆ ದೇಶದಲ್ಲಿ ಹೆಸರು ಮಾಡಿತು. ಡ್ರೊಸೊಫಿಲ ಎಂದರೆ ಯಾವುದೋ ದೂರದ ಪ್ರಾಣಿಯಲ್ಲ. ಕೊಳೆತ ಬಾಳೆಹಣ್ಣಿನ ಮೇಲೆ ಮುತ್ತುವ ಸಣ್ಣ ನೊಣ. ಹತ್ತು ಹನ್ನೆರಡು ದಿನಗಳಲ್ಲಿ ಒಂದು ತಲೆಮಾರು ಮುಗಿಯುವುದರಿಂದ ಆನುವಂಶಿಕತೆಯನ್ನು ತಿಳಿಯಲು ಬಹಳ ಅನುಕೂಲ. ಪ್ರಾಣಿಗಳ ದೇಹದೊಳಗಿನ ಗಡಿಯಾರ ಹೇಗೆ ನಡೆಯುತ್ತದೆ ಎಂಬುದನ್ನು ಇದೇ ನೊಣದಲ್ಲಿ ಬಿಡಿಸಿ ತೋರಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಬಹುಮಾನ ಬಂತು.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೊದಲ ವರ್ಷ ಭಯವಾಗುತ್ತದೆ. ನನಗೂ ಆಗಿತ್ತು. ಹಿಂದಿನ ಬೆಂಚಿನಲ್ಲಿ ಕುಳಿತು, ಅರ್ಥವಾಗದ ಶಬ್ದಗಳನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಂಡು, ಹಾಸ್ಟೆಲಿನಲ್ಲಿ ನಿಘಂಟು ತೆಗೆದು ಹುಡುಕುತ್ತಿದ್ದೆ. ಆಗ ಒಂದು ವಿಷಯ ಅರಿವಾಯಿತು. ಈ ಶಬ್ದಗಳು ಇಂಗ್ಲಿಷಿನವರಿಗೂ ಪರಕೀಯವೇ. ಹೆಚ್ಚಿನವು ಗ್ರೀಕ್, ಲ್ಯಾಟಿನ್ ಮೂಲದವು. ಹೊಗೆಸೊಪ್ಪಿನ ಶಾಸ್ತ್ರೀಯ ಹೆಸರಾದ ನಿಕೋಟಿಯಾನ ಎಂಬುದು ಪೋರ್ಚುಗಲ್‌ನಲ್ಲಿ ಫ್ರಾನ್ಸಿನ ರಾಯಭಾರಿಯಾಗಿದ್ದ ಜಾನ್ ನಿಕೋ ಎಂಬುವರ ಹೆಸರಿನಿಂದ ಬಂದದ್ದು. ಹೀಗೆ ಒಂದೊಂದು ಹೆಸರಿನ ಕಥೆ ಗೊತ್ತಾದರೆ ಭಯ ಅರ್ಧ ಕಡಿಮೆಯಾಗುತ್ತದೆ. ಇನ್ನರ್ಧ ಕಡಿಮೆಯಾಗಲು ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಓದಿ. ಸಸ್ಯಗಳ ಅಂಗರಚನೆಯಲ್ಲಿ ಅಂತರರಾಷ್ಟ್ರೀಯ ಖ್ಯಾತಿ ಪಡೆದ ವಿಜ್ಞಾನಿ, ವಿದ್ಯಾರ್ಥಿಗಳ ಜೊತೆ ಕಾಡು ಸುತ್ತಿದ ಅನುಭವವನ್ನು ಎಷ್ಟು ತಮಾಷೆಯಾಗಿ ಕನ್ನಡದಲ್ಲಿ ಬರೆದಿದ್ದಾರೆ! ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಇನ್ನು ನಿಮ್ಮ ತಂದೆತಾಯಿಗಳ ಪ್ರಶ್ನೆ: ಓದಿ ಮುಗಿದ ಮೇಲೆ ಕೆಲಸ? ನಾನು ಸುಳ್ಳು ಭರವಸೆ ಕೊಡುವುದಿಲ್ಲ. ಬಿ.ಎಸ್ಸಿ. ಪದವಿಯೊಂದನ್ನೇ ಹಿಡಿದು ಹೊರಟರೆ ದಾರಿ ಇಕ್ಕಟ್ಟಾಗಿರುತ್ತದೆ. ಮೂರು ವರ್ಷದ ಓದಿನ ಮೇಲೆ ಇನ್ನೊಂದು ಮೆಟ್ಟಿಲು ಬೇಕಾಗುತ್ತದೆ, ಅದಕ್ಕೆ ಮನೆಯವರ ತಾಳ್ಮೆಯೂ ಬೇಕು. ಎಂ.ಎಸ್ಸಿ. ಮಾಡಿ ಸಂಶೋಧನೆಗೆ, ಕಾಲೇಜಿನ ಅಧ್ಯಾಪನಕ್ಕೆ ಹೋಗಬಹುದು. ಬಿ.ಎಡ್. ಮಾಡಿ ಪ್ರೌಢಶಾಲೆಯ ಶಿಕ್ಷಕರಾಗಬಹುದು. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ವಿಜ್ಞಾನವನ್ನೂ ಶಿಕ್ಷಣವನ್ನೂ ಒಟ್ಟಿಗೆ ಓದುವ ವ್ಯವಸ್ಥೆಯಿದೆ. ಸಸ್ಯಶಾಸ್ತ್ರ ಅಥವಾ ಪ್ರಾಣಿಶಾಸ್ತ್ರ ಓದಿದ ಪದವೀಧರರು ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೆ ಕೂರಬಹುದು. ನೀರು, ಆಹಾರ, ಔಷಧಿ ಪರೀಕ್ಷಿಸುವ ಪ್ರಯೋಗಾಲಯಗಳಿವೆ. ಪಿ.ಯು.ಸಿ. ಮುಗಿಸಿದವರು ಸಿ.ಇ.ಟಿ. ಮೂಲಕ ಕೃಷಿ, ತೋಟಗಾರಿಕೆ, ಅರಣ್ಯಶಾಸ್ತ್ರ, ಪಶುವೈದ್ಯಕೀಯ ಪದವಿಗಳಿಗೂ ಹೋಗಬಹುದು. 1995ರಲ್ಲಿ ಆರಂಭವಾದ ಪೊನ್ನಂಪೇಟೆಯ ಅರಣ್ಯ ಕಾಲೇಜು ನಿಮಗೆ ಕಾಡಿನ ಆಚೆ ಬದಿಯಲ್ಲೇ ಇದೆ. ಕೃಷಿಕರ ಮಕ್ಕಳಿಗಾಗಿ ಮೀಸಲಾದ ಸೀಟುಗಳಿಗೆ ಒಂದು ಪ್ರಾಯೋಗಿಕ ಪರೀಕ್ಷೆಯಿರುತ್ತದೆ. ಹೊಲದಲ್ಲಿ ಕೆಲಸ ಮಾಡಿದವರಿಗೆ ಅದು ಕಷ್ಟವಲ್ಲ. ಗ್ರಾಮೀಣ ಹಾಗೂ ಕನ್ನಡ ಮಾಧ್ಯಮದ ಪ್ರಮಾಣಪತ್ರಗಳನ್ನು ಕೊನೆಯ ದಿನದವರೆಗೆ ಕಾಯದೆ ಈಗಲೇ ಶಾಲೆಯಿಂದ ಪಡೆದಿಟ್ಟುಕೊಳ್ಳಿ. ಒಂದು ಸಹಿಗಾಗಿ ವರ್ಷ ಕಳೆದುಕೊಂಡ ಮಕ್ಕಳನ್ನು ನಾನು ಕಂಡಿದ್ದೇನೆ.

ಕೊನೆಯದಾಗಿ, ಕಾಸು ಖರ್ಚಿಲ್ಲದ ಒಂದು ಮನೆಪಾಠ. ನೂರು ಪುಟದ ನೋಟ್‌ಪುಸ್ತಕವೊಂದನ್ನು ತೆಗೆದುಕೊಳ್ಳಿ. ನಿಮ್ಮ ಮನೆಯಿಂದ ಕಾಲೇಜಿನವರೆಗಿನ ದಾರಿಯಲ್ಲಿ ಒಂದು ಮರವನ್ನು ಆರಿಸಿಕೊಳ್ಳಿ. ಹೊಂಗೆಯೋ ನೇರಳೆಯೋ ಮುತ್ತುಗವೋ ಯಾವುದಾದರೂ ಸರಿ. ವಾರಕ್ಕೊಮ್ಮೆ ಅದರ ಮುಂದೆ ಐದು ನಿಮಿಷ ನಿಂತು, ದಿನಾಂಕ ಹಾಕಿ, ಕಂಡದ್ದನ್ನು ಬರೆಯಿರಿ. ಚಿಗುರು ಯಾವಾಗ, ಮೊದಲ ಹೂ ಯಾವಾಗ, ಯಾವ ಹಕ್ಕಿ, ಯಾವ ಹುಳು. “ಬಹಳ” ಎಂದು ಬರೆಯಬೇಡಿ, ಎಣಿಸಿ ಬರೆಯಿರಿ. ಒಂದು ವರ್ಷಕ್ಕೆ ಅದು ನಿಮ್ಮ ಟಿಪ್ಪಣಿ. ಐದು ವರ್ಷಕ್ಕೆ, ಮಳೆ ಹಿಂದುಮುಂದಾಗುತ್ತಿರುವ ಈ ಕಾಲದಲ್ಲಿ, ಅದು ಬೇರೆ ಯಾರ ಬಳಿಯೂ ಇಲ್ಲದ ದಾಖಲೆ. ದೇಶದ ಶಾಲಾ ಮಕ್ಕಳಿಂದ ಇಂಥ ದಾಖಲೆಗಳನ್ನೇ ಕೂಡಿಸುವ ‘ಸೀಸನ್‌ವಾಚ್’ ಎಂಬ ಯೋಜನೆಯೂ ಇದೆ. ನಿಮ್ಮ ಶಿಕ್ಷಕರನ್ನು ವಿಚಾರಿಸಿ.

ನಮ್ಮಪ್ಪ ಈಗಿಲ್ಲ. ಎಂ.ಎಸ್ಸಿ. ಮುಗಿಸಿದ ವರ್ಷ ಒಂದು ರಾತ್ರಿ ಬ್ಯಾರನ್ ಮುಂದೆ ಕುಳಿತು, ಎಲೆ ಏಕೆ ಹಳದಿಯಾಗುತ್ತದೆ ಎಂದು ಅವರಿಗೆ ವಿವರಿಸಿದೆ. ಸುಮ್ಮನೆ ಕೇಳಿದರು. ಆಮೇಲೆ ಹೇಳಿದರು: “ನಾನು ಮಾಡ್ತಿದ್ದುದು ಸರಿ ಅಂತ ಗೊತ್ತಿತ್ತು. ಯಾಕೆ ಸರಿ ಅಂತ ಇವತ್ತು ಗೊತ್ತಾಯ್ತು.” ನನಗೆ ಆಮೇಲೆ ಬಂದ ಯಾವ ಪ್ರಮಾಣಪತ್ರವೂ ಅಷ್ಟು ದೊಡ್ಡದೆನಿಸಲಿಲ್ಲ.

ನಾಳೆ ಬಸ್ಸಿನಲ್ಲಿ ಯಾರಾದರೂ ಕೇಳಿದರೆ, “ಬಿ.ಎಸ್ಸಿ. ಓದುತ್ತಿದ್ದೇನೆ, ಜೀವಶಾಸ್ತ್ರ” ಎಂದಷ್ಟೇ ಹೇಳಿ. ಆ ಎರಡಕ್ಷರ ಬೇಡ. ಹಿರಿಯರು ಮುಖ ತಿರುಗಿಸುವ ಮೊದಲು ಅವರ ಹೊಲದ ಬಗ್ಗೆ ಒಂದು ಪ್ರಶ್ನೆ ಕೇಳಿ. ಮೈಸೂರು ಬರುವವರೆಗೆ ಮಾತು ನಿಲ್ಲುವುದಿಲ್ಲ.